ಕೆಂಧೂಳಿನ ಸೀಮೆಯಲ್ಲಿ ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್

ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ಆರಂಭಿಸಿತು. 2000ದ ನಂತರದ ವರ್ಷಗಳಲ್ಲಿ ಅದಿರಿಗೆ ಬೇಡಿಕೆ ಏರಿ, ಸಂಡೂರು-ಹೊಸಪೇಟೆ ಸೀಮೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಅದಿರು ಲಾರಿಗಳು ಓಡಿದವು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಈ ಓಡಾಟ ತಗ್ಗಿತು. 2013ರ ತೀರ್ಪಿನ ನಂತರ ಮಿತಿಗೊಳಪಟ್ಟು ಗಣಿಗಳು ಪುನಃ ತೆರೆದಿವೆ. ರಸ್ತೆ ಬದಿಯ ಹೊಲಗಳಲ್ಲಿ ಜೋಳದ ಗರಿಯೂ ಮೆಣಸಿನ ಗಿಡದ ಎಲೆಯೂ ಕೆಂಪಾಗಿ ನಿಲ್ಲುವುದನ್ನು ಈ ಭಾಗದ ರೈತರು ಚೆನ್ನಾಗಿ ಬಲ್ಲರು. ಎಲೆಯ ಮೇಲೆ ಕೂತ ಧೂಳನ್ನು ಮಳೆ ತೊಳೆಯುತ್ತದೆ. ಅದೇ ಧೂಳು ಟ್ರ್ಯಾಕ್ಟರಿನ ಎಂಜಿನ್ನಿನೊಳಗೆ ಸೇರಿದರೆ ತೊಳೆಯುವ ಮಳೆ ಅಲ್ಲಿಲ್ಲ. ಎಣ್ಣೆಗೆ ಸೇರಿದ ಧೂಳನ್ನು ಹಿಡಿದಿಡಲು ಅಲ್ಲಿರುವುದು ಆಯಿಲ್ ಫಿಲ್ಟರ್ ಒಂದೇ.

ಬಿಡಿಭಾಗಗಳ ಅಂಗಡಿಗೆ ಹೋಗಿ ಫಿಲ್ಟರ್ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಎರಡು ಮೂರು ಡಬ್ಬಿಗಳನ್ನು ಮುಂದಿಡುತ್ತಾರೆ. ಒಂದು ಟ್ರ್ಯಾಕ್ಟರ್ ಕಂಪನಿಯ ಹೆಸರಿನದು, ಇನ್ನೊಂದು ಫಿಲ್ಟರನ್ನೇ ತಯಾರಿಸುವ ಹೆಸರಾಂತ ಕಾರ್ಖಾನೆಯದು, ಮತ್ತೊಂದು ಕೇಳರಿಯದ ಹೆಸರಿನದು. ಅದರ ಬೆಲೆ ಅರ್ಧಕ್ಕಿಂತಲೂ ಕಡಿಮೆ. "ಎಲ್ಲಾ ಒಂದೇ, ತಗಡಿನೊಳಗೆ ಕಾಗದ" ಎಂದು ಕೆಲವರು ಅಗ್ಗದ್ದನ್ನು ಒಯ್ಯುತ್ತಾರೆ. ದುಬಾರಿಯಾದುದೇ ಒಳ್ಳೆಯದೆಂದು ಮತ್ತೆ ಕೆಲವರು ನಂಬಿ, ಹಾಕಿದ ಮೇಲೆ ಎರಡು ವರ್ಷ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಎಂಜಿನ್ನಿಗೆ ಎರಡರಿಂದಲೂ ಕೇಡೇ. ಎರಡನೆಯವರ ತಪ್ಪು ಹೆಚ್ಚು ದೊಡ್ಡದೆಂದರೂ ಸಲ್ಲುತ್ತದೆ.

ಎಂಜಿನ್ನಿನ ತಳದ ತೊಟ್ಟಿಯಲ್ಲಿರುವ ಎಣ್ಣೆಯನ್ನು ಪಂಪು ಮೇಲಕ್ಕೆಳೆದು ಮೊದಲು ಫಿಲ್ಟರಿಗೆ ಒತ್ತುತ್ತದೆ. ಎಣ್ಣೆಯು ಡಬ್ಬಿಯ ಅಂಚಿನ ಸಣ್ಣ ತೂತುಗಳಿಂದ ಒಳಹೊಕ್ಕು, ಮಡಿಕೆ ಮಡಿಕೆಯಾದ ಕಾಗದದ ಮೂಲಕ ಸೋಸಿ, ನಡುವಿನ ದೊಡ್ಡ ತೂತಿನಿಂದ ಹೊರಬರುತ್ತದೆ. ಅಲ್ಲಿಂದ ಅದು ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೂ ಇತರ ಭಾಗಗಳಿಗೂ ಹೋಗುತ್ತದೆ. ಓಡುವ ಎಂಜಿನ್ನಿನಲ್ಲಿ ಶಾಫ್ಟು ಬೇರಿಂಗಿಗೆ ತಗಲುವುದಿಲ್ಲ. ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿರುತ್ತದೆ. ಈ ಪೊರೆ ಎಷ್ಟು ತೆಳುವೆಂದರೆ ಅದನ್ನು ಮೈಕ್ರಾನಿನಲ್ಲಿ ಅಳೆಯಬೇಕು. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಭಾರ ಬಿದ್ದ ಬೇರಿಂಗಿನಲ್ಲಿ ಎಣ್ಣೆಯ ಪೊರೆ ಕೆಲವೇ ಮೈಕ್ರಾನಿನಷ್ಟಿರುತ್ತದೆ. ಪೊರೆಗಿಂತ ತೀರ ಸಣ್ಣ ಕಣ ಎಣ್ಣೆಯೊಂದಿಗೆ ತೇಲಿ ಹೋಗುತ್ತದೆ. ದೊಡ್ಡ ಕಣ ಬಹುಮಟ್ಟಿಗೆ ಕಾಗದದಲ್ಲೇ ಸಿಕ್ಕಿಬೀಳುತ್ತದೆ. ಇವೆರಡರ ನಡುವಿನದು, ಅಂದರೆ ಕಣ್ಣಿಗೆ ಕಾಣದ 5ರಿಂದ 20 ಮೈಕ್ರಾನಿನ ಕಣ, ಪೊರೆಯನ್ನು ಹರಿದು ಎರಡೂ ಲೋಹಗಳನ್ನು ಕೆರೆಯುತ್ತದೆ.

ಈ ಸೀಮೆಯ ಧೂಳಿನ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ಸಂಡೂರಿನ ಗುಡ್ಡಗಳ ಅದಿರು ಮುಖ್ಯವಾಗಿ ಹೆಮಟೈಟ್. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಗಟ್ಟಿ ಹೆಮಟೈಟಿನ ಅಂಕ 5.5ರಿಂದ 6.5, ಮರಳಿನಲ್ಲಿರುವ ಬೆಣಚುಕಲ್ಲಿನದು 7. ಬೇರಿಂಗಿನ ಒಳಮೈಯಾದರೋ ತವರ, ಸೀಸ, ತಾಮ್ರ ಅಥವಾ ಅಲ್ಯುಮಿನಿಯಮಿನಂಥ ಮೆತ್ತನೆಯ ಲೋಹಗಳ ಮಿಶ್ರಣ. ಗಟ್ಟಿ ಕಣ ಈ ಮೆತ್ತನೆಯ ಲೋಹದಲ್ಲಿ ನೆಟ್ಟುಕೊಂಡು, ಸಾಣೆಕಲ್ಲಿನಂತೆ ಶಾಫ್ಟನ್ನು ಸವೆಸುತ್ತದೆ. ಎಣ್ಣೆ ಇಳಿಸುವ ಬೋಲ್ಟಿನಲ್ಲಿ ಅಯಸ್ಕಾಂತ ಇರುವುದರಿಂದ ಕಬ್ಬಿಣದ ಧೂಳೆಲ್ಲ ಅದಕ್ಕೇ ಅಂಟುತ್ತದೆಂಬ ನಂಬಿಕೆಯೊಂದಿದೆ. ಅದು ಸರಿಯಲ್ಲ. ಎಂಜಿನ್ನಿನಿಂದ ಸವೆದ ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಅಂಟುತ್ತದೆ. ಹೆಮಟೈಟ್ ಹೆಸರಿಗೆ ಕಬ್ಬಿಣದ ಅದಿರಾದರೂ ಹಾಗೆ ಅಂಟುವುದಿಲ್ಲ.

ನೂಲು ಕೂತರೆ ಸಾಲದು

ಫಿಲ್ಟರ್ ಆರಿಸುವಾಗ ಬಹಳ ಮಂದಿ ನೋಡುವುದು ಒಂದನ್ನೇ: ಹಳೆಯ ಡಬ್ಬಿ ಇದ್ದ ಜಾಗದಲ್ಲಿ ಹೊಸದು ತಿರುಗಿ ಕೂರುತ್ತದೆಯೇ? ಒಂದೇ ಅಳತೆಯ ನೂಲಿರುವ, ಹೊರಗೆ ಒಂದೇ ತೆರನಾಗಿ ಕಾಣುವ ಹಲವು ಡಬ್ಬಿಗಳ ಒಳರಚನೆ ಬೇರೆ ಬೇರೆಯಾಗಿರುತ್ತದೆ. ಎರಡು ಕವಾಟಗಳ ವಿಷಯ ತಿಳಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಬೈಪಾಸ್ ಕವಾಟ. ಕಾಗದ ಕಟ್ಟಿಕೊಂಡರೆ ಅಥವಾ ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಎಣ್ಣೆ ಬೇಗ ಸೋಸುವುದಿಲ್ಲ. ಆಗ ಬೇರಿಂಗು ಒಣಗಬಾರದೆಂದು ಈ ಕವಾಟ ತೆರೆದುಕೊಂಡು, ಸೋಸದ ಎಣ್ಣೆಯನ್ನೇ ಒಳಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ಲೇಸೆಂಬುದು ಇದರ ತತ್ವ. ಎಷ್ಟು ಒತ್ತಡಕ್ಕೆ ಇದು ತೆರೆಯಬೇಕೆಂಬುದನ್ನು ಎಂಜಿನ್ ತಯಾರಿಸುವವರು ನಿಗದಿಪಡಿಸಿರುತ್ತಾರೆ. ಕೆಲವು ಎಂಜಿನ್ನುಗಳಲ್ಲಿ ಈ ಕವಾಟ ಡಬ್ಬಿಯೊಳಗಿದ್ದರೆ, ಕೆಲವುಗಳಲ್ಲಿ ಡಬ್ಬಿ ಕೂರುವ ತಲೆಯಲ್ಲೇ ಇರುತ್ತದೆ. ಡಬ್ಬಿಯೊಳಗೆ ಕವಾಟ ಬೇಕಾದ ಎಂಜಿನ್ನಿಗೆ ಕವಾಟವಿಲ್ಲದ ಡಬ್ಬಿ ಹಾಕಿದರೆ, ಕಾಗದ ಕಟ್ಟಿಕೊಂಡ ದಿನ ಬೇರಿಂಗಿಗೆ ಎಣ್ಣೆ ನಿಲ್ಲುತ್ತದೆ ಅಥವಾ ಕಾಗದವೇ ಹರಿಯುತ್ತದೆ. ಇನ್ನು ಸ್ಪ್ರಿಂಗು ಸಡಿಲವಾದ ಅಗ್ಗದ ಡಬ್ಬಿಯಲ್ಲಿ ಕವಾಟ ಸದಾ ಅರೆತೆರೆದೇ ಇದ್ದು, ಎಣ್ಣೆಯ ಒಂದು ಪಾಲು ಸೋಸದೆಯೇ ತಿರುಗಾಡುತ್ತಿರುತ್ತದೆ. ಹೊರಗಿನಿಂದ ಇದು ಯಾರಿಗೂ ಕಾಣದು.

ಎರಡನೆಯದು ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಕವಾಟ. ಡಬ್ಬಿ ಅಡ್ಡವಾಗಿ ಅಥವಾ ತಲೆಕೆಳಗಾಗಿ ಕೂರುವ ಎಂಜಿನ್ನುಗಳಿಗೆ ಇದು ಅಗತ್ಯ. ಇದು ಕೆಟ್ಟರೆ ರಾತ್ರಿಯೆಲ್ಲ ಡಬ್ಬಿಯ ಎಣ್ಣೆ ತೊಟ್ಟಿಗೆ ಇಳಿದುಹೋಗಿ, ಬೆಳಿಗ್ಗೆ ಚಾಲೂ ಮಾಡಿದಾಗ ಎಣ್ಣೆಯ ದೀಪ ಹೆಚ್ಚು ಹೊತ್ತು ಉರಿಯುತ್ತದೆ, ಎಂಜಿನ್ ಕಟಕಟ ಸದ್ದು ಮಾಡುತ್ತದೆ. ದಿನಾ ಹತ್ತಾರು ಬಾರಿ ನಿಲ್ಲಿಸಿ ಚಾಲೂ ಮಾಡುವ ಜೀಪು, ಕಾರು, ಸರಕು ಆಟೋಗಳಲ್ಲಿ ಈ ದೋಷ ಬೇಗ ಗೊತ್ತಾಗುತ್ತದೆ.

ಆದಕಾರಣ ಕೊಳ್ಳುವಾಗ ಕೈಪಿಡಿಯಲ್ಲಿ ಕೊಟ್ಟಿರುವ ಫಿಲ್ಟರಿನ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಬೇರೆ ಕಾರ್ಖಾನೆಯದನ್ನು ಕೊಳ್ಳುವುದಾದರೆ, ಅದು ಆ ಸಂಖ್ಯೆಗೆ ಬದಲಿಯೆಂದು ಕಾರ್ಖಾನೆಯ ಪಟ್ಟಿಯಲ್ಲಿ ಇರಬೇಕು. ಅಂಗಡಿಯವರ ಬಾಯಿಮಾತು ಸಾಲದು. ಹೆಸರಾಂತ ಡಬ್ಬಿಗಳ ನಕಲುಗಳೂ ಮಾರುಕಟ್ಟೆಯಲ್ಲಿರುವುದರಿಂದ ಬಿಲ್ಲು ಪಡೆಯುವುದು ಒಳ್ಳೆಯದು. ಬಿಲ್ಲು ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳದಿರುವುದು ಇನ್ನೂ ಒಳ್ಳೆಯದು.

ಹಳೆಯ ಮಾದರಿಯ ಕೆಲವು ಟ್ರ್ಯಾಕ್ಟರುಗಳಲ್ಲಿ ಡಬ್ಬಿಯ ಬದಲು ಬಟ್ಟಲಿನೊಳಗೆ ಕೂರಿಸುವ ಕಾಗದದ ಸುರುಳಿ ಇರುತ್ತದೆ. ಇದನ್ನು ಬದಲಾಯಿಸುವಾಗ ಬಟ್ಟಲಿನ ತಳದ ಸ್ಪ್ರಿಂಗು, ವಾಷರುಗಳನ್ನು ಕೆಸರಿನೊಂದಿಗೆ ಎಸೆದುಬಿಡುವ ಪ್ರಮಾದ ಆಗುವುದುಂಟು. ಸ್ಪ್ರಿಂಗು ಇಲ್ಲದಿದ್ದರೆ ಸುರುಳಿ ಮೇಲಕ್ಕೆ ಒತ್ತಿ ಕೂರದೆ, ಎಣ್ಣೆ ಅದರ ಪಕ್ಕದಿಂದಲೇ ನುಸುಳುತ್ತದೆ. ಆಗ ಎಷ್ಟು ಒಳ್ಳೆಯ ಕಾಗದವಿದ್ದೂ ವ್ಯರ್ಥ.

ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಲಾಭವೇ?

ಸೋಸುವಿಕೆ ಸೂಕ್ಷ್ಮವಾದಷ್ಟೂ ಸವೆತ ಕಡಿಮೆಯೆಂಬುದು ನಿಜ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯವರು 1988ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನದು ಎಂಜಿನ್ನಿನ ಸವೆತವನ್ನು ಶೇಕಡ 50ರಷ್ಟೂ, 15 ಮೈಕ್ರಾನಿನದು ಶೇಕಡ 70ರಷ್ಟೂ ತಗ್ಗಿಸಿತು. ಹಾಗೆಂದು ಸಿಕ್ಕಷ್ಟು ಸೂಕ್ಷ್ಮವಾದುದನ್ನೇ ಹಾಕುವುದು ಜಾಣತನವಲ್ಲ. ಅದೇ ಗಾತ್ರದ ಕಾಗದದಲ್ಲಿ ರಂಧ್ರ ಕಿರಿದಾದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮೇಲೆ ಬೈಪಾಸ್ ತೆರೆಯುತ್ತದೆ. ಅಂದಿನಿಂದ ದುಬಾರಿ ಫಿಲ್ಟರೂ ಒಂದೇ, ಇಲ್ಲದಿರುವುದೂ ಒಂದೇ. ಕೃತಕ ನಾರಿನಿಂದ ಮಾಡಿದ ಹೆಚ್ಚು ಬೆಲೆಯ ಫಿಲ್ಟರುಗಳು ಸಣ್ಣ ಕಣಗಳನ್ನು ಹಿಡಿಯುತ್ತವೆ, ಹೆಚ್ಚು ಕೊಳೆಯನ್ನೂ ತಾಳುತ್ತವೆ. ಬಹಳ ದೂರ ಓಡಿದ ಮೇಲೆ ಎಣ್ಣೆ ಬದಲಾಯಿಸುವ ಕಾರುಗಳಿಗೆ ಅವು ತಕ್ಕವು. ಆದರೆ ಕೈಪಿಡಿಯಂತೆ 250 ಗಂಟೆಗೊಮ್ಮೆ ಎಣ್ಣೆ ಬದಲಾಯಿಸುವ ಟ್ರ್ಯಾಕ್ಟರಿಗೆ ಸರಿಯಾದ ಸಂಖ್ಯೆಯ, ಪ್ರಾಮಾಣಿಕವಾಗಿ ತಯಾರಿಸಿದ ಕಾಗದದ ಫಿಲ್ಟರು ಸಾಕು. ಉಳಿದ ಹಣವನ್ನು ಇನ್ನೊಂದು ಫಿಲ್ಟರಿಗೆ ಇಟ್ಟುಕೊಂಡು ಧೂಳಿನ ಕಾಲದಲ್ಲಿ ಬೇಗ ಬದಲಾಯಿಸಿದರೆ ಹೆಚ್ಚು ಫಲ. ಗಣಿ ರಸ್ತೆಯ ಬದಿಯಲ್ಲಿ ದಿನವೂ ಓಡುವ, ಬೇಸಿಗೆಯ ಒಣ ಉಳುಮೆಗೆ ಹೋಗುವ ಟ್ರ್ಯಾಕ್ಟರುಗಳಿಗೆ ಕೈಪಿಡಿಯ ಅವಧಿಯನ್ನು ಮೊಟಕುಗೊಳಿಸಲೇಬೇಕು.

ಎಣ್ಣೆ ಹೊಸದು ಹಾಕಿ ಫಿಲ್ಟರ್ ಹಳೆಯದನ್ನೇ ಬಿಡುವ ರೂಢಿ ಹಲವು ಕಡೆ ಇದೆ. ಹಳೆಯ ಡಬ್ಬಿಯಲ್ಲಿ ಅರ್ಧ ಲೀಟರಿನಷ್ಟು, ದೊಡ್ಡದಾದರೆ ಇನ್ನೂ ಹೆಚ್ಚು, ಕೊಳೆ ಎಣ್ಣೆ ನಿಂತಿರುತ್ತದೆ. ಹೊಸ ಎಣ್ಣೆ ಮೊದಲ ನಿಮಿಷದಲ್ಲೇ ಅದರೊಂದಿಗೆ ಬೆರೆಯುತ್ತದೆ. ಇನ್ನು, ಡೀಸೆಲ್ ಎಂಜಿನ್ನಿನ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾದರೆ ಫಿಲ್ಟರನ್ನು ದೂಷಿಸಬೇಕಿಲ್ಲ. ಹೊಗೆಯ ಮಸಿಯ ಕಣ ಒಂದು ಮೈಕ್ರಾನಿಗಿಂತಲೂ ಸಣ್ಣದು. ಅದು ಯಾವ ಕಾಗದದಲ್ಲೂ ನಿಲ್ಲದು. ಎಣ್ಣೆಗೆ ಬೆರೆತ ಡೀಸೆಲನ್ನು ಬೇರ್ಪಡಿಸುವುದೂ ಫಿಲ್ಟರಿನಿಂದಾಗದು.

ಧೂಳು ಬರುವ ಬಾಗಿಲು

ಎಣ್ಣೆಗೆ ಧೂಳು ಬರುವುದಾದರೂ ಎಲ್ಲಿಂದ? ಬಹುಪಾಲು ಗಾಳಿಯ ಮೂಲಕ. ಎಂಜಿನ್ ಎಳೆದುಕೊಳ್ಳುವ ಗಾಳಿಯೊಡನೆ ಸಿಲಿಂಡರಿಗೆ ಬಂದ ಧೂಳು ಮೊದಲು ಲೈನರನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸಿ, ಆಮೇಲೆ ಎಣ್ಣೆಗೆ ಇಳಿಯುತ್ತದೆ. ಏರ್ ಕ್ಲೀನರನ್ನು ಕಡೆಗಣಿಸಿ ಆಯಿಲ್ ಫಿಲ್ಟರಿಗೆ ಎಷ್ಟು ಹಣ ಸುರಿದರೂ ಅದು ಒಡೆದ ಒಡ್ಡಿನ ಕೆಳಗೆ ನೀರು ತೋಡಿದಂತೆ. ಎಣ್ಣೆಯ ಬಟ್ಟಲಿರುವ ಏರ್ ಕ್ಲೀನರಾದರೆ ಧೂಳಿನ ದಿನಗಳಲ್ಲಿ ಪ್ರತಿದಿನ ಬಟ್ಟಲನ್ನು ಇಳಿಸಿ ನೋಡಬೇಕು. ತಳದಲ್ಲಿ ಕೆಂಪು ಕೆಸರು ಕೂತಿದ್ದರೆ ತೊಳೆದು, ಗುರುತಿನ ಮಟ್ಟದವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಒಣ ಕಾಗದದ ಮಾದರಿಯನ್ನು ನೆಲಕ್ಕೆ ಕುಟ್ಟುವುದಾಗಲಿ ಪಂಕ್ಚರ್ ಅಂಗಡಿಯ ಗಾಳಿಯನ್ನು ಹತ್ತಿರದಿಂದ ಜೋರಾಗಿ ಬಿಡುವುದಾಗಲಿ ಕೂಡದು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕುಬಿಟ್ಟಿದ್ದರೆ ಅಥವಾ ಅದರ ಕ್ಲಿಪ್ಪು ಸಡಿಲವಾಗಿದ್ದರೆ ಧೂಳು ಸೋಸದೆಯೇ ನೇರ ಒಳಹೋಗುತ್ತದೆ. ಕೊಳವೆಯ ಒಳಮೈಯನ್ನು ಬೆರಳಿನಿಂದ ಸವರಿದಾಗ ಕೆಂಪು ಹತ್ತಿದರೆ ಎಲ್ಲೋ ಸೋರಿಕೆ ಇದೆಯೆಂದೇ ತಿಳಿಯಬೇಕು.

ಇಷ್ಟೆಲ್ಲ ಎಚ್ಚರಿಕೆ ಯಾಕೆಂಬುದು ಕಂಪ್ಲಿಯ ಕಡೆಯ ಭತ್ತದ ರೈತರಿಗೆ ವಿವರಿಸಬೇಕಾಗಿಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟೊಡನೆ ಎಲ್ಲರಿಗೂ ಒಟ್ಟಿಗೇ ಕೆಸರು ಮಾಡುವ ತರಾತುರಿ. ಕೇಜ್ ವೀಲ್ ಕಟ್ಟಿದ ಟ್ರ್ಯಾಕ್ಟರು ಹೊತ್ತು ಮೂಡಿದಾಗಿನಿಂದ ಪೂರ್ಣ ಭಾರದಲ್ಲಿ ದುಡಿಯುತ್ತದೆ. ಬೇಸಿಗೆಯಿಡೀ ಸವೆದ ಬೇರಿಂಗು ಹಿಡಿದುಕೊಳ್ಳುವುದು ಇಂಥ ದಿನಗಳಲ್ಲೇ. ಎಂಜಿನ್ ಇಳಿಸಿ, ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡಿಂಗಿಗೆ ಕಳಿಸಿ, ಬೇರಿಂಗು ತಂದು ಕೂಡಿಸುವ ಹೊತ್ತಿಗೆ ಮಡಿಯ ಸಸಿಗೆ ವಯಸ್ಸು ಮೀರಿರುತ್ತದೆ. ಬಾಡಿಗೆಗೆ ಒಪ್ಪಿಕೊಂಡ ಕೆಲಸಗಳು ಬೇರೆಯವರ ಪಾಲಾಗುತ್ತವೆ. ಬ್ಯಾಂಕಿನ ಕಂತು ಮಾತ್ರ ತನ್ನ ದಿನಕ್ಕೆ ಸರಿಯಾಗಿ ಬರುತ್ತದೆ.

ಬದಲಾಯಿಸುವ ಕ್ರಮ

ಎಂಜಿನ್ ಬೆಚ್ಚಗಿರುವಾಗ ಎಣ್ಣೆ ಇಳಿಸಬೇಕು. ಫಿಲ್ಟರ್ ಬಿಚ್ಚುವ ಮೊದಲು ಅದರ ಸುತ್ತಲ ಕೆಂಧೂಳನ್ನು ಒರೆಸುವುದು ಮುಖ್ಯ. ಇಲ್ಲವಾದರೆ ಅದೇ ಒಳಬೀಳುತ್ತದೆ. ಹಳೆಯ ಡಬ್ಬಿಯ ರಬ್ಬರ್ ಉಂಗುರ ಅದರೊಂದಿಗೇ ಬಂದಿದೆಯೇ ಎಂದು ಖಂಡಿತ ನೋಡಬೇಕು. ಅದು ತಲೆಗೆ ಅಂಟಿಕೊಂಡಿದ್ದು ಅದರ ಮೇಲೆ ಹೊಸ ಉಂಗುರ ಕೂತರೆ, ಒತ್ತಡಕ್ಕೆ ಉಂಗುರ ಜಾರಿ ಕೆಲವೇ ನಿಮಿಷಗಳಲ್ಲಿ ಎಣ್ಣೆಯೆಲ್ಲ ಹೊರಚೆಲ್ಲುತ್ತದೆ. ಹೊಸ ಉಂಗುರಕ್ಕೆ ಶುದ್ಧ ಎಣ್ಣೆ ಸವರಿ ಕೈಯಿಂದಲೇ ತಿರುಗಿಸಿ, ಉಂಗುರ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಡಬ್ಬಿಯ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಪಾಲಿಸತಕ್ಕದ್ದು. ಪಾನಾ ಹಾಕಿ ಬಿಗಿಯಬಾರದು. ಎಣ್ಣೆ ತುಂಬಿ, ಎಂಜಿನ್ನನ್ನು ನಿಧಾನ ವೇಗದಲ್ಲಿ ಚಾಲೂ ಮಾಡಿ, ದೀಪ ಆರುವುದನ್ನೂ ಸೋರಿಕೆಯನ್ನೂ ನೋಡಬೇಕು. ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಅಳತೆ ಕಡ್ಡಿಯಲ್ಲಿ ಮಟ್ಟ ಪರೀಕ್ಷಿಸಿ, ಗಂಟೆಯ ಮೀಟರಿನ ಅಂಕಿಯನ್ನು ಬಾನೆಟ್ಟಿನ ಒಳಬದಿಗೆ ಬರೆದಿಡಬೇಕು.

ಬಿಚ್ಚಿದ ಹಳೆಯ ಫಿಲ್ಟರನ್ನು ಕೂಡಲೇ ಎಸೆಯಬಾರದು. ಒಂದು ರಾತ್ರಿ ಬೋರಲು ಹಾಕಿ ಎಣ್ಣೆ ಬಸಿದ ಮೇಲೆ, ಮಿಸ್ತ್ರಿಯಿಂದ ತಗಡನ್ನು ಕತ್ತರಿಸಿ ಕಾಗದವನ್ನು ಹೊರತೆಗೆಸಿ ಬಿಡಿಸಿ ನೋಡುವುದು ಉಪಯುಕ್ತ. ಗರಗಸದಿಂದ ಕೊಯ್ದರೆ ತಗಡಿನ ಪುಡಿ ಬೆರೆತು ದಾರಿ ತಪ್ಪಿಸುತ್ತದೆ. ಡಬ್ಬಿ ತೆರೆಯುವ ಕತ್ತರಿಯೇ ಆಗಬೇಕು. ಮಡಿಕೆಗಳು ಒಂದೇ ಅಂತರದಲ್ಲಿದ್ದು ಅಂಟು ಬಿಟ್ಟಿರದಿದ್ದರೆ ಫಿಲ್ಟರ್ ಒಳ್ಳೆಯದಿತ್ತೆಂದು ತಿಳಿಯಬಹುದು. ಮಡಿಕೆಗಳು ಒಂದರ ಮೇಲೊಂದು ಕುಸಿದಿದ್ದರೆ ಆ ಹೆಸರಿನದನ್ನು ಮತ್ತೆ ಕೊಳ್ಳಬಾರದು. ಕಾಗದದ ತುಂಡೊಂದನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಆ ದ್ರವವನ್ನು ಬಿಳಿ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯ ಮೇಲೆ ಕೆಂಪು ಪುಡಿ ನಿಂತರೆ ಗಾಳಿಯ ದಾರಿಯಲ್ಲಿ ಸೋರಿಕೆಯನ್ನು ಹುಡುಕಬೇಕು. ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರುಗಳಿದ್ದರೆ ಅವು ರಿಂಗು, ಲೈನರು ಅಥವಾ ಗಿಯರುಗಳಿಂದ ಬಂದವು. ಅಂಟದ ಹಳದಿ, ತಾಮ್ರದ ಬಣ್ಣದ ಚೂರುಗಳಾದರೆ ಬೇರಿಂಗು ಅಥವಾ ಬುಷ್ ಸವೆಯುತ್ತಿದೆಯೆಂದರ್ಥ. ಆ ಟ್ರ್ಯಾಕ್ಟರನ್ನು ಕಾಲುವೆಗೆ ನೀರು ಬರುವ ಮುನ್ನವೇ ಬಿಚ್ಚಿಸುವುದು ಕ್ಷೇಮ.

ಬಸಿದ ಎಣ್ಣೆಯನ್ನು ಕಾಲುವೆಗೆ, ಬಾವಿಯ ಬದಿಗೆ, ಗೊಬ್ಬರದ ಗುಂಡಿಗೆ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯೂ ಅಪಾಯಕಾರಿ ತ್ಯಾಜ್ಯವೇ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಅಧಿಕೃತ ಸಂಗ್ರಹಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಟ್ರ್ಯಾಕ್ಟರಿನ ನಿರ್ವಹಣೆಯನ್ನು ಕೈಯಾರೆ ಕಲಿಯಬಯಸುವ ಯುವಕರಿಗೆ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ.