ಅವ್ವನ ಫೋಟೋ ರೇಷನ್ ಕಾರ್ಡಿನಿಂದ ಬರಬಾರದು

ನಮ್ಮವ್ವ ತೀರಿಕೊಂಡ ಮೂರನೇ ದಿನ ಪಡಸಾಲೆಯಲ್ಲಿ ಇಡಲು ಒಂದು ಫೋಟೋ ಬೇಕಾಯಿತು. ಟ್ರಂಕು, ಕಪಾಟು, ಹಾಸಿಗೆ ಕೆಳಗಿನ ಚೀಲ ಎಲ್ಲ ತಡಕಿದೆವು. ಎಪ್ಪತ್ತೆಂಟು ವರ್ಷ ಬದುಕಿದವಳದು ಸಿಕ್ಕಿದ್ದು ಒಂದೇ, ರೇಷನ್ ಕಾರ್ಡಿನ ಮೇಲಿದ್ದ ಹೆಬ್ಬೆಟ್ಟಿನಷ್ಟು ಮುಖ. ಸ್ಟುಡಿಯೋದಲ್ಲಿ ಅದನ್ನೇ ದೊಡ್ಡದು ಮಾಡಿ, ಸೆರಗು ತಿದ್ದಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟರು. ಹಣೆಯ ಮೇಲಿನ ಹಚ್ಚೆಬೊಟ್ಟು ಅದರಲ್ಲಿ ಅಳಿಸಿಹೋಗಿತ್ತು. ನನ್ನ ಮೊಮ್ಮಕ್ಕಳಿಗೆ ಆಯಿ ಅಂದರೆ ಆ ಹಚ್ಚೆಯಿಲ್ಲದ ಮುಖವೇ.

ಯಾದಗಿರಿ, ಶಹಾಪುರ, ಸುರಪುರದ ಕಡೆ ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಮನೆ ಕಟ್ಟಿಸುವವರು ಹೆಚ್ಚಾಗಿದ್ದಾರೆ. ಗೃಹಪ್ರವೇಶದ ಊಟಕ್ಕೆ ಹೋದಾಗ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಹಳೆಯ ಮನೆಯ ಫೋಟೋಗಳು ಹೊಸ ಮನೆಗೆ ಬಂದಿರುವುದೇ ಇಲ್ಲ. ಕೇಳಿದರೆ, ‘ಸಾಮಾನು ಸಾಗಿಸುವಾಗ ಎಲ್ಲೋ ಹೋದವು’ ಅನ್ನುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

• ಇರುವವರ ಫೋಟೋ ಮೊದಲು ಹಾಕಿ. ನಮ್ಮ ಕಡೆ ಸತ್ತ ಮೇಲೆಯೇ ಮನುಷ್ಯನಿಗೆ ಕಟ್ಟು, ಹಾರ. ಬದುಕಿದ್ದವರ ಫೋಟೋ ಗೋಡೆಗೆ ಹಾಕಬಾರದು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮದುವೆಯ ಫೋಟೋ ಹಾಕುವುದಿಲ್ಲವೇ? ಅವರಿಬ್ಬರೂ ಬದುಕಿದ್ದವರೇ ಅಲ್ಲವೇ?

• ಹಿರಿಯರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ‘ನಗು’ ಅನ್ನಬೇಡಿ. ಅವ್ವ ರೊಟ್ಟಿ ಬಡಿಯುವಾಗ, ಮುತ್ಯಾ ತೊಗರಿ ರಾಶಿಯ ಮುಂದೆ ನಿಂತಾಗ, ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುವಾಗ ತೆಗೆಯಿರಿ. ಫ್ಲ್ಯಾಶ್ ಬೇಡ. ಬೆಳಗ್ಗೆ ಇಲ್ಲವೆ ಹೊತ್ತಿಳಿಯುವಾಗ ತಲಬಾಗಿಲ ಒಳಗೆ, ಮುಖ ಹೊರಗಿನ ಬೆಳಕಿಗೆ ಇರುವಂತೆ ಕೂತರೆ ಸಾಕು, ಮುಖದ ಒಂದೊಂದು ಗೆರೆಯೂ ಬರುತ್ತದೆ. ಅವ್ವನಿಗೆ ಇಳಕಲ್ ಸೀರೆ ಉಡಬೇಕೆನಿಸಿದರೆ ಉಡಲಿ, ಆದರೆ ನಿತ್ಯದ ಸೀರೆಯಲ್ಲೂ ಒಂದು ತೆಗೆಯಿರಿ. ಕೈಗಳದೇ ಒಂದು ಬೇರೆಯಾಗಿ ತೆಗೆದಿಡಿ.

• ಮೊಬೈಲಿನಲ್ಲಿ ಸಾವಿರಗಟ್ಟಲೆ ಇರುತ್ತವೆ. ಯಾವುದನ್ನು ಆರಿಸುವುದು? ಮನೆಮಂದಿಯ ಮುಂದೆ ಹಿಡಿಯಿರಿ. ಯಾವುದನ್ನು ನೋಡಿದ ಕೂಡಲೇ ಯಾರಾದರೂ ‘ಅವತ್ತು ಏನಾಯಿತು ಗೊತ್ತೇನು’ ಅಂತ ಶುರು ಮಾಡುತ್ತಾರೋ ಅದಕ್ಕೆ ಕಟ್ಟು ಹಾಕಿಸಿ. ಬಟ್ಟೆ ಚೆನ್ನಾಗಿದೆ, ಹಿಂದೆ ಹೂವಿನ ಪರದೆ ಇದೆ ಅಂತ ಆರಿಸಿದ್ದು ಎರಡು ವರ್ಷಕ್ಕೆ ಸಪ್ಪೆಯಾಗುತ್ತದೆ.

• ಗುಳೆ ಹೋದ ವರ್ಷಗಳ ಫೋಟೋ ಮುಚ್ಚಿಡಬೇಡಿ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಗಾರೆ ಕೆಲಸ ಮಾಡಿ ದುಡಿದ ದುಡ್ಡಲ್ಲಿ ಎದ್ದ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಹತ್ತನೇ ಅಂತಸ್ತಿನ ಸ್ಲ್ಯಾಬಿನ ಮೇಲೆ ಹೆಲ್ಮೆಟ್ ಹಾಕಿ ನಿಂತ ಅಪ್ಪನ ಫೋಟೋ ಪಡಸಾಲೆಯಲ್ಲೇ ಇರಬೇಕು. ಈ ಮನೆ ಹೇಗೆ ಎದ್ದಿತು ಎಂಬುದು ಮಕ್ಕಳಿಗೆ ತಿಳಿಯುವುದು ಅದರಿಂದ.

• ಊರು ಕಾಣುವ ಫೋಟೋ ಒಂದಾದರೂ ಇರಲಿ. ಶಹಾಪುರದವರಿಗೆ ಮಲಗಿದ ಬುದ್ಧನ ಗುಡ್ಡವಿದೆ. ಆದರೆ ಎಲ್ಲರೂ ಮುಂದೆ ಬಂದು ಚೌಕಟ್ಟಿನ ತುಂಬ ನಿಂತು ಗುಡ್ಡವನ್ನೇ ಮರೆಮಾಡುತ್ತಾರೆ. ಹಣೆ, ಮೂಗು, ಎದೆ ಅಂತ ಗುರುತು ಹಿಡಿಯುವುದೇ ದೂರದಿಂದ ನೋಡಿದಾಗ. ಹಾಗಾಗಿ ಮೊಬೈಲನ್ನು ಅಡ್ಡ ಹಿಡಿಯಿರಿ, ಮನೆಮಂದಿ ಒಂದು ಮಗ್ಗುಲಿಗೆ ನಿಲ್ಲಲಿ. ಯಾದಗಿರಿಯ ಕೋಟೆಗೂ, ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬೆಟ್ಟದ ಮೇಲಿನ ಬಂಗ್ಲೆಗೂ ಇದೇ ಮಾತು.

• ಪ್ರಿಂಟಿನ ಅಳತೆ ಮೊದಲೇ ನೋಡಿಕೊಳ್ಳಿ. ಮೊಬೈಲಿನ ಫೋಟೋ ಸಾಮಾನ್ಯವಾಗಿ 4:3 ಅಳತೆಯದು, ಲ್ಯಾಬಿನ 4×6, 8×12, 12×18 ಇಂಚು 3:2 ಅಳತೆಯವು. ಅಂದರೆ ಅಡ್ಡ ಫೋಟೋಕ್ಕೆ ಮೇಲೋ ಕೆಳಗೋ, ಉದ್ದ ಫೋಟೋಕ್ಕೆ ಪಕ್ಕದಲ್ಲೋ ಕತ್ತರಿ ಬಿದ್ದೇ ಬೀಳುತ್ತದೆ. ಅಂಚಿಗೆ ನಿಂತ ಅತ್ತೆಯ ಅರ್ಧ ಮುಖ ಹೋಗುವುದು ಹೀಗೆಯೇ. ತೆಗೆಯುವಾಗಲೇ ಸುತ್ತ ಜಾಗ ಬಿಡಿ. 8×12 ಪ್ರಿಂಟ್ ಸ್ವಚ್ಛವಾಗಿ ಬರಲು 2400×3600 ಪಿಕ್ಸೆಲ್ ಬೇಕು. ಸ್ಟುಡಿಯೋಕ್ಕೆ ವಾಟ್ಸಾಪಿನಲ್ಲಿ ಹಾಗೇ ಕಳಿಸಿದರೆ ಫೋಟೋ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಇಲ್ಲವೆ ಪೆನ್‌ಡ್ರೈವ್ ಒಯ್ಯಿರಿ.

• ಎಲ್ಲವನ್ನೂ ದೊಡ್ಡದು ಮಾಡಿಸಬೇಡಿ. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರ ಕಲೆ ನಮ್ಮ ಪಕ್ಕದಲ್ಲೇ ಇದೆ. ಅದು ಹತ್ತಿರ ಹೋಗಿ, ಕಣ್ಣು ಕೀಲಿಸಿ ನೋಡುವ ಚಿತ್ರ. ಹಳೆಯ ಸಣ್ಣ ಫೋಟೋವನ್ನೂ ಹಾಗೆಯೇ ನೋಡಬೇಕು. ಅದೇ ಅಳತೆಯಲ್ಲಿ ಉಳಿಸಿ, ಸುತ್ತ ಮೂರು ಇಂಚು ಬಿಳಿ ಮೌಂಟ್ ಕೊಟ್ಟು, ಕೂತಾಗ ಕಣ್ಣಿಗೆ ಸಿಗುವಲ್ಲಿ ತೂಗುಹಾಕಿ.

ಹಳೆಯ ಫೋಟೋದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಚ್ಚು ಹಾಳಾಗುವುದು ಅದನ್ನು ಸರಿಮಾಡಲು ಹೋದಾಗಲೇ.

• ಮುತ್ಯಾನ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಮಾಳಿಗೆ ಸೋರಿದ ಮಳೆಗಾಲದಲ್ಲಿ ಹಸಿ ಹಿಡಿದು ಹಾಗಾಗಿರುತ್ತದೆ. ಎಳೆದರೆ ಮುಖ ಗಾಜಿನ ಮೇಲೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಸಣ್ಣ ಫೋಟೋ ಆದರೆ 600 ಡಿಪಿಐಗೆ ಕಡಿಮೆ ಬೇಡ. ಗೋಡೆಗೆ ಅದರ ಪ್ರತಿ ಹಾಕಿ, ಮೂಲವನ್ನು ಕಾಗದದ ಲಕೋಟೆಯಲ್ಲಿಟ್ಟು ಗೆದ್ದಲು ಹತ್ತದ ಉಕ್ಕಿನ ಕಪಾಟಿನಲ್ಲಿಡಿ. ಮೂಲಕ್ಕೆ ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ.

• ಫೋಟೋ ಅಂಟಿಸಿದ ದಪ್ಪ ರಟ್ಟನ್ನು ಕತ್ತರಿಸಬೇಡಿ. 1948ರವರೆಗೆ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಛಾಯಾಗ್ರಾಹಕನಾಗಿದ್ದ ಲಾಲಾ ದೀನ್ ದಯಾಳ್ ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದ ಕಾಲದಿಂದ ಅನುಕೂಲಸ್ಥರು ಫೋಟೋಕ್ಕೆ ಅತ್ತ ಹೋಗುತ್ತಿದ್ದುದುಂಟು. ರಟ್ಟಿನ ಅಂಚಿನಲ್ಲಿ ಸ್ಟುಡಿಯೋದ ಹೆಸರು, ಊರು ಅಚ್ಚಾಗಿದ್ದರೆ ಅದು ನಿಮ್ಮ ಮನೆತನದ ದಾಖಲೆ.

• ಕಟ್ಟು ಹಾಕಿಸುವಾಗ ಅಂಗಡಿಯಲ್ಲಿ ನಿಂತು ನೋಡಿ. ನನ್ನ ಮದುವೆಯ ಫೋಟೋಕ್ಕೆ ಒಬ್ಬರು ಹಿಂದೆ ಸುದ್ದಿಪತ್ರಿಕೆ ಮಡಚಿಟ್ಟು ಮೊಳೆ ಬಡಿದುಕೊಟ್ಟಿದ್ದರು. ಹದಿನೈದು ವರ್ಷದ ಮೇಲೆ ಬಿಚ್ಚಿದರೆ ಪತ್ರಿಕೆ ಕಂದಿ ಪುಡಿಯಾಗಿತ್ತು, ಫೋಟೋದ ಬೆನ್ನೆಲ್ಲ ಕಂದು ಕಲೆ. ಸುದ್ದಿಪತ್ರಿಕೆಯಲ್ಲಿ ಆಮ್ಲವಿರುತ್ತದೆ, ಅದು ಫೋಟೋಕ್ಕೆ ಇಳಿಯುತ್ತದೆ. ‘ಆಮ್ಲವಿಲ್ಲದ ಕಾಗದ ಇದೆಯೇ’ ಎಂದು ಕೇಳಿ, ಇಲ್ಲದಿದ್ದರೆ ಒಳ್ಳೆಯ ಬಿಳಿ ಡ್ರಾಯಿಂಗ್ ಹಾಳೆ ನೀವೇ ಒಯ್ಯಿರಿ. ಗಾಜಿಗೂ ಫೋಟೋಕ್ಕೂ ನಡುವೆ ಮೌಂಟ್ ಇರಲೇಬೇಕು, ಆ ಸಂದು ಇದ್ದರೆ ಅಂಟುವುದಿಲ್ಲ. ಸೆಲೋಟೇಪ್ ಬೇಡ. ನಮ್ಮ ಧೂಳಿಗೆ ಅಕ್ರಿಲಿಕ್ಕಿಗಿಂತ ಗಾಜೇ ವಾಸಿ. ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಅಕ್ರಿಲಿಕ್ಕಿಗೆ ಗೀರು ಬೀಳುತ್ತದೆ.

• ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಪಡುವಣ ಕಿಟಕಿಯ ಎದುರುಗೋಡೆಗೆ ಹಾಕಿದ ಬಣ್ಣದ ಫೋಟೋ ಕೆಲವೇ ಬೇಸಿಗೆಯಲ್ಲಿ ಬಿಳಚುತ್ತದೆ. ಸಂಜೆ ನಾಲ್ಕಕ್ಕೆ ಒಳಗೆ ನಿಂತು ಬಿಸಿಲು ಎಲ್ಲಿ ಬೀಳುತ್ತದೆ ನೋಡಿ, ಆ ಜಾಗ ಬಿಟ್ಟು ಹಾಕಿ. ಅಡುಗೆಮನೆಯ ಗೋಡೆ, ದೇವರ ಜಗಲಿಯ ನೆತ್ತಿ ಎರಡೂ ಬೇಡ. ಎಣ್ಣೆಜಿಡ್ಡು, ಊದಿನಕಡ್ಡಿಯ ಹೊಗೆ.

• ಹಳೆಯ ಮನೆಗಳಲ್ಲಿ ತೊಲೆಯ ಕೆಳಗೆ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು, ಕತ್ತು ಎತ್ತಿ ನೋಡಬೇಕು. ಹೊಸ ಮನೆಯಲ್ಲಿ ಫೋಟೋದ ನಡುಭಾಗ ನೆಲದಿಂದ ಸುಮಾರು ಐದಡಿಗೆ ಇರಲಿ. ಕಲ್ಲಿನ ಗೋಡೆಯಾದರೆ ಕಲ್ಲಿಗೆ ಮೊಳೆ ಹೊಡೆಯಲು ಹೋಗದೆ ಸಂದಿನ ಗಾರೆಯಲ್ಲಿ ಡ್ರಿಲ್ ಮಾಡಿಸಿ ಪ್ಲಗ್ ಕೂರಿಸಿ.

• ಹಿರಿಯರ ಫೋಟೋಕ್ಕೆ ಕುಂಕುಮ, ಗಂಧ ಹಚ್ಚುವವರು ಒದ್ದೆ ಮಾಡಿ ಗಾಜಿಗೆ ಹಚ್ಚಬೇಡಿ. ಅದು ಇಳಿದು ಕೆಳಗಿನ ಸಂದಿನಿಂದ ಒಳಗೆ ಹೋಗುತ್ತದೆ. ಫೋಟೋದ ಮುಂದೆ ಒಂದು ಸಣ್ಣ ತಟ್ಟೆ ಇಟ್ಟು ಅಲ್ಲಿ ಪೂಜೆ ಮಾಡಿ. ಭಕ್ತಿಗೆ ಏನೂ ಕಡಿಮೆಯಾಗುವುದಿಲ್ಲ. ಒರೆಸುವಾಗಲೂ ನೀರನ್ನು ಬಟ್ಟೆಗೆ ಹಾಕಿ, ಗಾಜಿಗೆ ಚಿಮುಕಿಸಬೇಡಿ.

• ಹೆಸರು ಬರೆಯಿರಿ. ಫೋಟೋದ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಮೂಡುತ್ತದೆ. ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಕಟ್ಟಿನ ಹಿಂದಿನ ರಟ್ಟಿಗೆ ಅಂಟಿಸಿ. ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ವರ್ಷ, ಏನು ಸಂದರ್ಭ. ‘ಅಜ್ಜಿ’ ಅಂತ ಬರೆಯಬೇಡಿ, ಯಾರ ಅಜ್ಜಿ? ಪೂರ್ತಿ ಹೆಸರು ಬರೆಯಿರಿ, ತವರೂರು ಬರೆಯಿರಿ. ನಮ್ಮ ಮನೆಯಲ್ಲಿ ಏಳು ಜನ ನಿಂತ ಒಂದು ಫೋಟೋ ಇದೆ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು ಯಾರೆಂದು ಹೇಳುವವರು ಈಗ ಯಾರೂ ಉಳಿದಿಲ್ಲ. ಒಬ್ಬಳ ಕಂಕುಳಲ್ಲಿ ಕೂಸಿದೆ.

• ಯುಗಾದಿಗೋ ದೀಪಾವಳಿಗೋ ಸುಣ್ಣಬಣ್ಣ ಮಾಡುವಾಗ ಫೋಟೋ ಹೇಗೂ ಇಳಿಸುತ್ತೀರಿ. ಅವತ್ತೇ ಹಿಂಬದಿ ನೋಡಿ. ಗೆದ್ದಲ ಮಣ್ಣು, ಬೆಳ್ಳಿಮೀನು ಹುಳ, ಹಸಿ ಕಲೆ ಕಂಡರೆ ಬಿಚ್ಚಿ ಹೊಸ ಕಟ್ಟು ಹಾಕಿಸಿ.

ಮಿಕ್ಕಿದ್ದೆಲ್ಲ ಮುಂದಿನ ವಾರಕ್ಕೆ ಇಟ್ಟುಕೊಂಡರೂ ನಡೆಯುತ್ತದೆ. ಊರಲ್ಲಿ ಅವ್ವ, ಆಯಿ, ಮುತ್ಯಾ ಇದ್ದರೆ ಈ ಭಾನುವಾರ ಹೋಗಿ, ಹೊತ್ತಿಳಿಯುವ ಮುಂಚೆ ತಲಬಾಗಿಲಲ್ಲಿ ಕೂರಿಸಿ ಒಂದು ಫೋಟೋ ತೆಗೆಯಿರಿ. ಹಣೆಯ ಹಚ್ಚೆ ಕಾಣುವ ಹಾಗೆ ತೆಗೆಯಿರಿ.