ನನ್ನ ಜಾಗಕ್ಕೆ ಬರುವವರನ್ನು ಪ್ರೀತಿಸಿ

ಪ್ರೀತಿಯ ಮಕ್ಕಳೇ,

ನನ್ನ ವರ್ಗಾವಣೆಯ ಸುದ್ದಿಯನ್ನು ಪೂಜೆಯ ಕೊನೆಗೆ ತಿಳಿಸಿದಂದಿನಿಂದ ನಿಮ್ಮಲ್ಲಿ ಕೆಲವರು ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದೀರಿ ಎಂದು ಗೊತ್ತಾಯಿತು. ಬಿಷಪರ ಬಳಿ ಹೋಗಿ ‘ನಮ್ಮ ಫಾದರ್ ಇನ್ನೂ ಸ್ವಲ್ಪ ಕಾಲ ಇಲ್ಲೇ ಇರಲಿ’ ಎಂದು ಕೇಳುವುದು ನಿಮ್ಮ ಆಸೆ. ನಿಮ್ಮ ಪ್ರೀತಿಗೆ ನಾನು ಋಣಿ. ಆದರೂ ಆ ಅರ್ಜಿಯನ್ನು ಇಲ್ಲಿಗೇ ನಿಲ್ಲಿಸಿ. ಹೊರಡುವ ಮೊದಲು ನಾನು ಹೇಳುವ ನಾಲ್ಕು ಮಾತು ಕೇಳಿ.

ಧರ್ಮಸಭೆಯ ಈಗಿನ ಕಾನೂನು ಸಂಹಿತೆ 1983ರದ್ದು. ಅದರಲ್ಲಿ 1752 ವಿಧಿಗಳಿವೆ. ಆತ್ಮಗಳ ಉದ್ಧಾರಕ್ಕಿಂತ ಮಿಗಿಲಾದ ಕಾನೂನು ಧರ್ಮಸಭೆಯಲ್ಲಿಲ್ಲ ಎಂಬ ದೊಡ್ಡ ಮಾತು ಇರುವುದು ಕಟ್ಟಕಡೆಯ ವಿಧಿಯಲ್ಲಿ. ಆ ವಿಧಿಯ ವಿಷಯ ಯಾವುದು ಗೊತ್ತೇ? ಧರ್ಮಕೇಂದ್ರದ ಗುರುಗಳ ವರ್ಗಾವಣೆ! ಒಬ್ಬ ಗುರುವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕಳುಹಿಸುವಾಗಲೂ ನೋಡಬೇಕಾದದ್ದು ಜನರ ಆತ್ಮದ ಹಿತವನ್ನು. ನನಗೆ ಇಲ್ಲಿ ಹಿತವಾಗಿದೆ, ನಿಮಗೆ ನಾನು ಹಿಡಿಸಿದ್ದೇನೆ ಎಂಬುದು ಆಮೇಲಿನ ಮಾತು. ನಾನು ಹೋಗುವ ಊರಿನಲ್ಲೂ ನಿಮ್ಮಂಥ ಮಕ್ಕಳಿದ್ದಾರೆ.

ಎರಡನೆಯದು, ಪಂಗಡ ಕಟ್ಟಬೇಡಿ. ಕೊರಿಂಥದ ಸಭೆಯಲ್ಲಿ ಕೆಲವರು ತಾವು ಪೌಲನ ಕಡೆಯವರು ಎಂದರು, ಕೆಲವರು ಅಪೊಲ್ಲೋಸನ ಕಡೆಯವರು, ಇನ್ನು ಕೆಲವರು ಕೇಫನ ಕಡೆಯವರು. ಸಂತ ಪೌಲ ತನ್ನ ಹೆಸರು ಹಿಡಿದವರನ್ನೂ ಬಿಡದೆ ಗದರಿದ. ನಾಳೆ ನಿಮ್ಮ ಬಾಯಲ್ಲಿ ‘ಹಳೆ ಫಾದರ್ ಇದ್ದಾಗ ಹೀಗಿರಲಿಲ್ಲ’ ಎಂಬ ಮಾತು ಬಂದರೆ, ಅದು ನನಗೆ ಮಾಡುವ ಗೌರವವಲ್ಲ. ನಾನು ನಿಮಗೆ ಏನನ್ನೂ ಕಲಿಸಲಿಲ್ಲ ಎಂದು ಊರಿಗೆ ಸಾರಿದಂತೆ. ಹೊಸಬರು ಪ್ರಸಂಗ ಉದ್ದ ಮಾಡಬಹುದು, ಹಬ್ಬದ ಏರ್ಪಾಡು ಬದಲಿಸಬಹುದು, ನಿಮ್ಮ ನಾಟಕದ ತಾಲೀಮಿಗೆ ಬಾರದೇ ಇರಬಹುದು. ತಕ್ಕಡಿ ಹಿಡಿದು ಕೂರಬೇಡಿ. ಅವರೂ ಒಂದು ಊರನ್ನು ಬಿಟ್ಟು, ಅಲ್ಲಿನವರ ಕಣ್ಣೀರು ನೋಡಿ ಬಂದವರು.

ಮೂರನೆಯದು, ನಿಮ್ಮ ಮದುವೆಯ ವಿಷಯ. ‘ಎಲ್ಲಿದ್ದರೂ ನೀವೇ ಬಂದು ಮದುವೆ ಮಾಡಿಸಬೇಕು ಫಾದರ್’ ಎಂದು ಹಲವರು ಕೇಳಿದ್ದೀರಿ. ಒಂದು ವಿಷಯ ತಿಳಿದಿರಲಿ. ಇಲ್ಲಿನ ಅಧಿಕಾರ ಬಿಟ್ಟುಕೊಟ್ಟ ಮೇಲೆ ಇಲ್ಲಿನ ಗುರುಗಳೋ ಬಿಷಪರೋ ಅನುಮತಿ ಕೊಡದೆ ನಾನು ಈ ಪೀಠದ ಮುಂದೆ ಮದುವೆ ನಡೆಸಿದರೆ ಅದು ಊರ್ಜಿತವೇ ಆಗುವುದಿಲ್ಲ. ಆದ್ದರಿಂದ ಮೊದಲು ಅವರ ಬಾಗಿಲು ತಟ್ಟಿ. ಅವರು ಒಪ್ಪಿ ಕರೆದರೆ ಸಂತೋಷದಿಂದ ಬರುತ್ತೇನೆ.

ಕಚೇರಿಯ ಕಪಾಟಿನಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಒಮ್ಮೆ ಕೇಳಿ ನೋಡಿ. ನಿಮ್ಮ ಹೆಸರು, ತಂದೆತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯ ಹೆಸರು, ನಿಮ್ಮಲ್ಲಿ ಹೆಚ್ಚಿನವರದ್ದು ನನಗಿಂತ ಹಿಂದಿನವರ ದುಂಡನೆಯ ನೀಲಿ ಅಕ್ಷರದಲ್ಲಿದೆ. ಅದೇ ಸಾಲಿನ ಬದಿಯಲ್ಲಿ ದೃಢೀಕರಣದ ದಿನಾಂಕ ನನ್ನ ಅಕ್ಷರದಲ್ಲಿದೆ. ಮದುವೆಯ ದಿನಾಂಕ ಬರೆಯುವ ಜಾಗ ಇನ್ನೂ ಖಾಲಿ. ಅದನ್ನು ತುಂಬುವವರು ಮುಂದೆ ಬರುವವರು. ಒಬ್ಬನೇ ಗುರು ನಿಮ್ಮ ಇಡೀ ಬಾಳಿಗೆ ಸಹಿ ಹಾಕಬೇಕೆಂದು ಧರ್ಮಸಭೆ ಎಂದೂ ಬಯಸಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ವಿಶ್ವಾಸವನ್ನು ಗುರುವಿನ ಕೊರಳಿಗೆ ಕಟ್ಟಬೇಡಿ. ನಮ್ಮ ಕರಾವಳಿಗೆ 1681ರಲ್ಲಿ ಸಂತ ಜೋಸೆಫ್ ವಾಜ್ ಬಂದರು. ಗುರುಗಳ ಅಧಿಕಾರದ ಜಗಳದಲ್ಲಿ ಒಡೆದುಹೋಗಿದ್ದ ಜನರನ್ನು ಒಂದುಗೂಡಿಸಲು ದುಡಿದು, ಕೆಲವೇ ವರ್ಷಗಳಲ್ಲಿ ಹೊರಟುಹೋದರು. ನಮ್ಮವರು ಮುಡಿಪು ಗುಡ್ಡದಲ್ಲಿ ಇಂದಿಗೂ ಅವರನ್ನು ನೆನೆಯುತ್ತಾರೆ. 1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಶ್ರೀಲಂಕಾ ಸೇರಿದರು. ಜಾಫ್ನಾ 1658ರಲ್ಲೇ ಡಚ್ಚರ ಕೈ ಸೇರಿತ್ತು, ಗುರುಗಳನ್ನು ಓಡಿಸಲಾಗಿತ್ತು. ವಾಜ್ ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಗುರುತಿಸಿದವರ ಮೂಲಕ ಅವರಿಗೆ ಕಥೋಲಿಕರ ಸುಳಿವು ಸಿಕ್ಕಿತು. ಸುಮಾರು ಮೂವತ್ತು ವರ್ಷ ಗುರುವಿಲ್ಲದೆ ಆ ಮನೆಗಳು ಪ್ರಾರ್ಥನೆ ಉಳಿಸಿಕೊಂಡಿದ್ದವು. ಗುರು ಬದಲಾದರು ಎಂದು ನೀವು ಪೂಜೆ ತಪ್ಪಿಸಿದರೆ ಅವರಿಗೆ ಏನು ಉತ್ತರ ಕೊಡುತ್ತೀರಿ?

ಇಷ್ಟು ಹೇಳಿದ ಮೇಲೆ, ನಿಮ್ಮಿಂದ ಆಗಬೇಕಾದ ಕೆಲಸವನ್ನೂ ಹೇಳುತ್ತೇನೆ. ಪ್ರತಿ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವಾಗ ನಿಮ್ಮಲ್ಲಿ ಯಾರಾದರೊಬ್ಬರು ಬೈಕಿನಲ್ಲಿ ನನ್ನನ್ನು ಗುಡ್ಡದ ಮೇಲಿನ ಮನೆಗಳಿಗೆ ಕರೆದುಕೊಂಡು ಹೋಗುತ್ತಿದ್ದಿರಿ. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ, ಶಿಲುಬೆ ಇಟ್ಟು, ಬೆಳಗಿನಿಂದಲೇ ತಲೆಗೆ ಸೆರಗು ಹೊದ್ದು ಕಾಯುವ ಅಜ್ಜಿಯರನ್ನು ನೀವೂ ನೋಡಿದ್ದೀರಿ. ಹೊಸ ಫಾದರಿಗೆ ಆ ದಾರಿ ಗೊತ್ತಿಲ್ಲ. ಯಾವ ಮನೆಯಲ್ಲಿ ಗಟ್ಟಿಯಾಗಿ ಮಾತಾಡಬೇಕು, ಯಾವ ಅಜ್ಜನಿಗೆ ಪರಮಪ್ರಸಾದದ ಜೊತೆ ಒಂದು ಗುಟುಕು ನೀರು ಬೇಕು ಎಂಬುದನ್ನು ಅವರಿಗೆ ನೀವೇ ತಿಳಿಸಬೇಕು. ಧರ್ಮೋಪದೇಶದ ತರಗತಿ, ಗಾನವೃಂದ, ವಿನ್ಸೆಂಟ್ ದೆ ಪೌಲ್ ಸಭೆಯ ಅಕ್ಕಿ ಹಂಚಿಕೆ ಒಂದು ವಾರವೂ ನಿಲ್ಲಬಾರದು. ಬೆಂಗಳೂರಿಗೋ ಗಲ್ಫಿಗೋ ಹೊರಟವರು ಅಲ್ಲಿ ಮೊದಲು ಹತ್ತಿರದ ಚರ್ಚ್ ಹುಡುಕಿ, ಅಲ್ಲಿನ ಗುರುಗಳಿಗೆ ನಿಮ್ಮ ಹೆಸರು ಹೇಳಿಕೊಳ್ಳಿ.

ಬೀಳ್ಕೊಡುಗೆಗೆ ಹಾರ, ಶಾಲು, ಉಂಗುರ ಬೇಡ. ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ ಬೀಳ್ಕೊಂಡಾಗ ಪೌಲ, ತಾನು ಯಾರ ಬೆಳ್ಳಿ ಬಂಗಾರಕ್ಕೂ ಆಸೆಪಡಲಿಲ್ಲ ಎಂದು ನೆನಪಿಸಿದ. ಆಮೇಲೆ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದರು, ಅತ್ತರು, ಅವನನ್ನು ಹಡಗಿನವರೆಗೆ ಕಳುಹಿಸಿಕೊಟ್ಟರು. ಅಳಬೇಡಿ ಎಂದು ನಾನೂ ಹೇಳುವುದಿಲ್ಲ. ನನಗಾಗಿ ಕೂಡಿಸಿದ ಹಣವನ್ನು ಈ ಜೂನ್‌ನಲ್ಲಿ ಶಾಲೆಯ ಫೀಸು ಕಟ್ಟಲಾಗದ ಮಕ್ಕಳಿಗೆ ಕೊಡಿ, ಯಾವ ಧರ್ಮದವರಾದರೂ ಸರಿ.

ಬರುವ ಭಾನುವಾರ ಹೊಸ ಗುರುಗಳು ಮೊದಲ ಪೂಜೆ ಅರ್ಪಿಸುತ್ತಾರೆ. ಹಿಂದಿನ ಬಾಗಿಲ ಬಳಿ ನಿಲ್ಲುವ ಅಭ್ಯಾಸದವರೂ ಅಂದು ಮುಂದಿನ ಬೆಂಚಿಗೆ ಬನ್ನಿ, ಗಟ್ಟಿಯಾಗಿ ಹಾಡಿ, ಪೂಜೆ ಮುಗಿದ ಮೇಲೆ ಅವರ ಕೈಹಿಡಿದು ‘ಫಾದರ್, ಏನು ಕೆಲಸವಿದೆ ಹೇಳಿ’ ಎಂದು ಕೇಳಿ. ನನ್ನನ್ನು ಪ್ರೀತಿಸಿದ್ದು ನಿಜವಾದರೆ, ನನಗೆ ಕೊಡುವ ಗುರುದಕ್ಷಿಣೆ ಅದೇ.