ತಡೆದು ಬಿಡುವ ವಿವೇಕ: ಕರ್ನೆಲ್‌ನಲ್ಲಿ ಡಿಸ್ಕ್ ಕೋರಿಕೆಗಳ ನಿರ್ವಹಣೆ

ಕಲಿಕೆಯ ಉದ್ದೇಶಗಳು

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು
1. ಕರ್ನೆಲ್ ಡಿಸ್ಕಿನ ಕೋರಿಕೆಗಳನ್ನು ಬೇಕೆಂದೇ ತಡೆಹಿಡಿಯುವುದೇಕೆ ಎಂಬುದನ್ನು ಉದಾಹರಣೆ ಸಹಿತ ವಿವರಿಸುವರು.
2. ಪ್ರತಿಯೊಂದು ತಡೆಗೂ ಒಂದು ಬಿಡುಗಡೆಯ ನಿಯಮವಿರಬೇಕೆಂಬುದನ್ನು ಗ್ರಹಿಸುವರು.
3. ಕಡತ ‘ಉಳಿದಿದೆ’ ಎಂಬುದಕ್ಕೂ ಅದು ‘ಡಿಸ್ಕನ್ನು ಸೇರಿದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.

ಪೀಠಿಕೆ

ಅಧ್ಯಾಪಕರು ಈ ಸನ್ನಿವೇಶದಿಂದ ಪಾಠವನ್ನು ಆರಂಭಿಸಬಹುದು. ವಿದ್ಯಾರ್ಥಿನಿಯೊಬ್ಬಳು ಒಂದು ಗಂಟೆ ಕುಳಿತು ಪ್ರಬಂಧವನ್ನು ಬೆರಳಚ್ಚು ಮಾಡಿ ‘ಸೇವ್’ ಒತ್ತುತ್ತಾಳೆ. ಕಡತ ಉಳಿಯಿತೆಂದು ಪರದೆ ತೋರಿಸುತ್ತದೆ. ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ ವಿದ್ಯುತ್ ಹೋಗುತ್ತದೆ. ಪ್ರಬಂಧ ಉಳಿಯಿತೇ? ತರಗತಿಯ ಬಹುತೇಕರು ‘ಉಳಿಯಿತು’ ಎಂದೇ ಹೇಳುವರು. ಅವರ ಉತ್ತರವನ್ನು ಕರಿಹಲಗೆಯ ಒಂದು ಮೂಲೆಯಲ್ಲಿ ಬರೆದಿಟ್ಟು, ಪಾಠದ ಕೊನೆಗೆ ಮತ್ತೆ ಅದರತ್ತ ಬರುವುದು ಸೂಕ್ತ.

ಈ ಪಾಠದಲ್ಲಿ ಲಿನಕ್ಸ್ ಕರ್ನೆಲನ್ನು ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಗ್ನು/ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಹೇಳಿದ್ದನ್ನು ತಮ್ಮ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡಬಹುದು.

ತಡೆಹಿಡಿಯುವುದೇಕೆ?

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ಸುತ್ತುತ್ತಿರುತ್ತವೆ. ಓದಿ ಬರೆಯುವ ತಲೆಯು ಅವುಗಳ ಮೇಲೆ ಒಳಗೂ ಹೊರಗೂ ಚಲಿಸುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಬೇಕಾದ ಸ್ಥಳವು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡು, ಕಾಯಬೇಕು. ತಲೆ ಸರಿಯುವ ಕಾಲ ಇದಕ್ಕೆ ಸೇರುತ್ತದೆ. ಸಂಸ್ಕಾರಕಕ್ಕೆ ಇದು ಬಹು ದೀರ್ಘವಾದ ಅವಧಿ. ಅಷ್ಟರಲ್ಲಿ ಅದು ಲಕ್ಷಾಂತರ ಸೂಚನೆಗಳನ್ನು ಮುಗಿಸಬಲ್ಲದು.

98, 10, 99, 11, 100, 12 ಎಂಬ ಸ್ಥಾನಗಳಿಗೆ ಈ ಕ್ರಮದಲ್ಲಿಯೇ ಕೋರಿಕೆಗಳು ಬಂದವೆಂದೂ ತಲೆಯು 0 ಸ್ಥಾನದಲ್ಲಿದೆಯೆಂದೂ ಭಾವಿಸೋಣ. ಬಂದ ಕ್ರಮದಲ್ಲಿಯೇ ನಡೆಸಿದರೆ ತಲೆಯು 98 + 88 + 89 + 88 + 89 + 88, ಒಟ್ಟು 540 ಹೆಜ್ಜೆ ಚಲಿಸಬೇಕು. ಒಂದು ಕ್ಷಣ ತಡೆದು, ಆರನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ 100 ಹೆಜ್ಜೆ ಸಾಕು. ಅಷ್ಟೇ ಅಲ್ಲ, 10ರಿಂದ 12ರವರೆಗಿನವು ಒಂದಾಗಿ, 98ರಿಂದ 100ರವರೆಗಿನವು ಇನ್ನೊಂದಾಗಿ ಕೂಡಿಕೊಂಡು, ಆರು ಕೋರಿಕೆಗಳು ಎರಡೇ ಆಗುತ್ತವೆ. ಹೀಗೆ ತಡೆಯಿಂದ ಎರಡು ಲಾಭಗಳು: ಜೋಡಣೆ ಮತ್ತು ಕೂಡಿಕೆ.

ಎಲ್ಲಿಯವರೆಗೆ ತಡೆಯುವುದು?

ಗ್ರಾಮಾಂತರದಲ್ಲಿ ಓಡಾಡುವ ಬಾಡಿಗೆ ಜೀಪನ್ನು ಇಲ್ಲಿ ಉದಾಹರಿಸಬಹುದು. ಒಬ್ಬನೇ ಪ್ರಯಾಣಿಕನಿಗಾಗಿ ಚಾಲಕ ಹೊರಡುವುದಿಲ್ಲ. ಇನ್ನಷ್ಟು ಮಂದಿ ಬರಲಿ ಎಂದು ಕಾಯುತ್ತಾನೆ. ಆದರೆ ಜೀಪು ತುಂಬಿದರೆ ಹೊರಡುತ್ತಾನೆ. ತುಂಬದಿದ್ದರೂ ಹೊತ್ತು ಮೀರಿದರೆ ಹೊರಡುತ್ತಾನೆ. ಆಸ್ಪತ್ರೆಗೆ ಹೋಗಬೇಕಾದವರು ಹತ್ತಿದರೆ ಆಗಲೇ ಹೊರಡುತ್ತಾನೆ.

ಲಿನಕ್ಸಿನ ಹಿಂದಿನ ಆವೃತ್ತಿಗಳಲ್ಲಿದ್ದ ವ್ಯವಸ್ಥೆ ಬಹುಮಟ್ಟಿಗೆ ಇದೇ ಆಗಿತ್ತು. ಅದಕ್ಕೆ ‘ಪ್ಲಗಿಂಗ್’ ಎಂದು ಹೆಸರು. ಕೆರೆಯ ತೂಬನ್ನು ಮುಚ್ಚಿ ನೀರನ್ನು ನಿಲ್ಲಿಸಿದಂತೆ. ಬರಿದಾಗಿದ್ದ ಸರದಿಗೆ ಮೊದಲ ಕೋರಿಕೆ ಬಂದೊಡನೆ ಕರ್ನೆಲ್ ತೂಬನ್ನು ಮುಚ್ಚುತ್ತಿತ್ತು. 4 ಕೋರಿಕೆಗಳು ಸೇರಿದಾಗ, ಅಥವಾ 3 ಮಿಲಿಸೆಕೆಂಡು ಕಳೆದಾಗ, ಅಥವಾ ದತ್ತಾಂಶಕ್ಕಾಗಿ ಯಾವುದಾದರೂ ಪ್ರೋಗ್ರಾಮು ಕಾದು ನಿಂತಾಗ ತೂಬು ತೆರೆಯುತ್ತಿತ್ತು. 3 ಮಿಲಿಸೆಕೆಂಡು ಎಂಬುದು ಡಿಸ್ಕಿನ ಅರ್ಧ ಸುತ್ತಿಗಿಂತ ಕಡಿಮೆ ಎಂಬುದನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬೇಕು.

ತೂಬಿನ ಸ್ಥಾನ ಬದಲಾದುದು

ಒಂದು ಗಣಕದಲ್ಲಿ ಹಲವು ಸಂಸ್ಕಾರಕಗಳು ಬಂದಾಗ ಹೊಸ ತೊಡಕೊಂದು ತಲೆದೋರಿತು. ಎಲ್ಲ ಪ್ರೋಗ್ರಾಮುಗಳೂ ಒಂದೇ ಸರದಿಯ ಒಂದೇ ಬೀಗಕ್ಕಾಗಿ ಕಾಯಬೇಕಾಯಿತು. 2011ರಲ್ಲಿ ಬಿಡುಗಡೆಯಾದ 2.6.39ನೆಯ ಆವೃತ್ತಿಯಲ್ಲಿ, ಬ್ಲಾಕ್ ವಿಭಾಗದ ನಿರ್ವಾಹಕ ಜೆನ್ಸ್ ಆಕ್ಸ್‌ಬೋ ಅವರ ಕೆಲಸದಿಂದ, ತೂಬು ಸಾಧನದ ಬಾಗಿಲಿನಿಂದ ಪ್ರೋಗ್ರಾಮಿನ ಮನೆಯಂಗಳಕ್ಕೆ ಬಂದಿತು. ಕೋರಿಕೆಗಳನ್ನು ಕಳುಹಿಸುವ ಪ್ರತಿಯೊಂದು ಪ್ರಕ್ರಿಯೆಯೂ ತನ್ನದೇ ಚಿಕ್ಕ ಪಟ್ಟಿಯಲ್ಲಿ ಅವನ್ನು ಕೂಡಿಟ್ಟು, ಕೊನೆಗೆ ಒಟ್ಟಾಗಿ ಸಾಗಿಸುತ್ತದೆ. ಕೂಡಿಡುವಾಗ ಯಾರ ಬೀಗವೂ ಬೇಕಾಗುವುದಿಲ್ಲ.

ಇದರಲ್ಲೊಂದು ಅಪಾಯವಿದೆ. ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡೇ ಒಂದು ಪ್ರಕ್ರಿಯೆ ಸ್ಮೃತಿಯ ಖಾಲಿ ಜಾಗಕ್ಕಾಗಿ ಕಾದು ಮಲಗಿತೆಂದುಕೊಳ್ಳೋಣ. ಆ ಜಾಗ ಖಾಲಿಯಾಗಲು ಅದೇ ಪಟ್ಟಿಯಲ್ಲಿರುವ ಬರಹ ಡಿಸ್ಕನ್ನು ಸೇರಬೇಕಾಗಿದ್ದರೆ? ಪ್ರಕ್ರಿಯೆ ಜಾಗಕ್ಕಾಗಿ ಕಾಯುತ್ತದೆ. ಜಾಗ ಪ್ರಕ್ರಿಯೆಗಾಗಿ ಕಾಯುತ್ತದೆ. ಇಬ್ಬರಿಗೂ ಬಿಡುಗಡೆಯಿಲ್ಲ. ಆದುದರಿಂದಲೇ ಪ್ರಕ್ರಿಯೆ ಮಲಗುವ ಮುನ್ನ ಅದರ ಪಟ್ಟಿಯನ್ನು ಕರ್ನೆಲ್ ತಾನಾಗಿಯೇ ಸಾಗಿಸಿಬಿಡುತ್ತದೆ. ತಡೆಯುವ ಹಕ್ಕು ಎಚ್ಚರವಾಗಿರುವವನಿಗೆ ಮಾತ್ರ.

ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳಲ್ಲಿ ತಲೆಯ ಓಡಾಟವಿಲ್ಲ. ಆದುದರಿಂದ ಜೋಡಣೆಯ ಲಾಭ ಕುಗ್ಗಿತು. ಆದರೆ ಕೂಡಿಕೆಯಿಂದ ಕೋರಿಕೆಗಳ ಸಂಖ್ಯೆ ಇಳಿಯುವುದರಿಂದ ಇಂದಿಗೂ ಈ ಪಟ್ಟಿ ಉಳಿದುಕೊಂಡಿದೆ. 2014ರ ಆರಂಭದಲ್ಲಿ ಬಂದ 3.13ನೆಯ ಆವೃತ್ತಿಯು ಒಂದು ಸಾಧನಕ್ಕೆ ಹಲವು ಸರದಿಗಳನ್ನಿಡುವ ವ್ಯವಸ್ಥೆಯನ್ನು ತಂದಿತು, 2019ರ 5.0ನೆಯ ಆವೃತ್ತಿಯಲ್ಲಿ ಹಳೆಯ ಒಂಟಿ ಸರದಿಯ ವ್ಯವಸ್ಥೆಯನ್ನು ಕೈಬಿಡಲಾಯಿತು.

ಹಿಂದೆ ಉಳಿದವರ ಪಾಲು

ಸಮೀಪದ ಕೋರಿಕೆಗಳನ್ನೇ ಮೊದಲು ನಡೆಸುತ್ತ ಹೋದರೆ ದೂರದ ಕೋರಿಕೆಯ ಸರದಿ ಬರುವುದೇ ಇಲ್ಲ. ಇದಕ್ಕೆ ಪರಿಹಾರವಾಗಿ ‘ಡೆಡ್‌ಲೈನ್’ ಎಂಬ ವಿಧಾನದಲ್ಲಿ ಪ್ರತಿಯೊಂದು ಕೋರಿಕೆಗೂ ಗಡುವನ್ನು ಕಟ್ಟಲಾಗುತ್ತದೆ. ಓದಿಗೆ ಅರ್ಧ ಸೆಕೆಂಡು, ಬರಹಕ್ಕೆ 5 ಸೆಕೆಂಡು ಎಂಬುದು ಅದರ ಸಾಮಾನ್ಯ ಮಿತಿ. ಓದಿಗೇಕೆ ಕಡಿಮೆ? ಓದನ್ನು ಕೇಳಿದ ಪ್ರೋಗ್ರಾಮು ಉತ್ತರ ಬರುವವರೆಗೆ ಮುಂದಡಿಯಿಡಲಾರದು. ಬರೆದ ಪ್ರೋಗ್ರಾಮಾದರೋ ಸಾಮಾನ್ಯವಾಗಿ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಗಡುವು ಮೀರಿದ ಕೋರಿಕೆಗೆ ಆದ್ಯತೆ ದೊರೆಯುತ್ತದೆ. ಅಷ್ಟರೊಳಗೆ ಕೆಲಸ ಮುಗಿದೇ ತೀರುವುದೆಂಬ ಭರವಸೆ ಅದಲ್ಲ.

ಪ್ರಬಂಧದ ಗತಿ

ಈಗ ಪೀಠಿಕೆಯ ಪ್ರಶ್ನೆಗೆ ಮರಳಬಹುದು. ಪ್ರೋಗ್ರಾಮು ಬರೆದ ಅಕ್ಷರಗಳು ಮೊದಲು ಸ್ಮೃತಿಯಲ್ಲಿರುವ ಸಂಗ್ರಹವನ್ನು ಸೇರುತ್ತವೆ. ಡಿಸ್ಕಿಗೆ ಹೋಗದೆ ಅಲ್ಲಿ ಉಳಿದಿರುವ ಪುಟಗಳನ್ನು ‘ಡರ್ಟಿ’ ಪುಟಗಳೆನ್ನುತ್ತಾರೆ. ಕರ್ನೆಲಿನ ಸಾಮಾನ್ಯ ಏರ್ಪಾಡಿನಲ್ಲಿ ಇವುಗಳನ್ನು ಸಾಗಿಸುವ ಕೆಲಸಗಾರ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಡಿಸ್ಕಿಗೆ ಕಳುಹಿಸುತ್ತಾನೆ. ಹತ್ತನೆಯ ಸೆಕೆಂಡಿನಲ್ಲಿ ವಿದ್ಯುತ್ ಹೋದರೆ ಪ್ರಬಂಧ ಇನ್ನೂ ಸ್ಮೃತಿಯಲ್ಲಿಯೇ ಇದ್ದಿರಬಹುದು. ವಿದ್ಯುತ್ತಿನೊಡನೆ ಅದೂ ಹೋಗುತ್ತದೆ.

ಆದುದರಿಂದಲೇ ‘ಎಫ್‌ಸಿಂಕ್’ ಎಂಬ ಕರೆ ಇದೆ. ಅದನ್ನು ಬಳಸುವ ಪ್ರೋಗ್ರಾಮಿಗೆ, ದತ್ತಾಂಶವು ಸಾಧನದಲ್ಲಿ ನೆಲೆಯಾಯಿತೆಂದು ತಿಳಿದ ಮೇಲೆಯೇ ಕರ್ನೆಲ್ ಉತ್ತರ ಕೊಡುತ್ತದೆ. ಪ್ರೋಗ್ರಾಮು ಆ ಕರೆಯನ್ನು ಮಾಡಿತ್ತೇ ಎಂಬುದರ ಮೇಲೆ ವಿದ್ಯಾರ್ಥಿನಿಯ ಒಂದು ಗಂಟೆಯ ದುಡಿಮೆ ನಿಂತಿದೆ. ಪೆನ್‌ಡ್ರೈವನ್ನು ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ಸೂಚನೆಯೂ, ಗಣಕವನ್ನು ಕ್ರಮದಂತೆ ಮುಚ್ಚಬೇಕೆಂಬ ನಿಯಮವೂ ಬರಿಯ ಶಿಸ್ತಿನ ಮಾತುಗಳಲ್ಲ. ತಡೆಹಿಡಿದುದನ್ನು ತಲುಪಿಸಲು ಕರ್ನೆಲಿಗೆ ಕೊಡುವ ಅವಕಾಶ.

ಚಟುವಟಿಕೆಗಳು

1. ಆರು ವಿದ್ಯಾರ್ಥಿಗಳಿಗೆ ಮೇಲಿನ ಆರು ಸಂಖ್ಯೆಗಳ ಚೀಟಿ ಕೊಡಬೇಕು. ನೆಲದ ಮೇಲೆ 0ರಿಂದ 100ರವರೆಗೆ ಗೆರೆಯೆಳೆದು, ಏಳನೆಯವನು ‘ತಲೆ’ಯಾಗಿ ಎರಡೂ ಕ್ರಮಗಳಲ್ಲಿ ನಡೆಯಲಿ. ಉಳಿದವರು ಹೆಜ್ಜೆಗಳನ್ನು ಹೋಲಿಸಲಿ.
2. ಲಿನಕ್ಸ್ ಗಣಕದಲ್ಲಿ ದೊಡ್ಡ ಕಡತವೊಂದನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತ, ‘ಪ್ರಾಕ್’ ಕಡತಕೋಶದ ‘ಮೆಮ್‌ಇನ್ಫೊ’ದಲ್ಲಿ ‘ಡರ್ಟಿ’ ಎಂಬ ಸಾಲನ್ನು ಮತ್ತೆ ಮತ್ತೆ ನೋಡಲಿ. ಬಳಿಕ ‘ಸಿಂಕ್’ ಆದೇಶವನ್ನು ಕೊಟ್ಟು, ಆ ಸಂಖ್ಯೆ ಇಳಿಯುವುದನ್ನು ದಾಖಲಿಸಲಿ.

ಮೌಲ್ಯಮಾಪನ

1. ಜೋಡಣೆ ಮತ್ತು ಕೂಡಿಕೆಗಳಲ್ಲಿ ಎಸ್‌ಎಸ್‌ಡಿಗೆ ಹೆಚ್ಚು ಪ್ರಯೋಜನಕರವಾದುದು ಯಾವುದು? ಕಾರಣವೇನು?
2. ಜೀಪಿನ ಹೋಲಿಕೆ ಬರಹದ ಕೋರಿಕೆಗೆ ಪೂರ್ಣವಾಗಿ ಒಪ್ಪುವುದಿಲ್ಲ. ಏಕೆ?
3. ಎಲ್ಲ ಪ್ರೋಗ್ರಾಮುಗಳೂ ಪ್ರತಿ ಅಕ್ಷರಕ್ಕೆ ‘ಎಫ್‌ಸಿಂಕ್’ ಕರೆದರೆ ಪರಿಣಾಮವೇನು?
4. ಮೂಲೆಯಲ್ಲಿ ಬರೆದಿಟ್ಟ ಉತ್ತರವನ್ನು ಈಗ ತಿದ್ದಿ ಬರೆಯಿರಿ.